ಅಕ್ಕನ ಕಣ್ಣು, ನನ್ನ ಕಣ್ಣು

ನನಗೆ ನನ್ನ ಅಕ್ಕನ ಮೇಲೆ ಹೊಟ್ಟೆಕಿಚ್ಚಿತ್ತು. ಈಗ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಕಡಿಮೆಯಾಗಿದೆ ಎನ್ನಬಹುದು. ಅವಳಿಗೆ ನನಗಿಂತ ಹೆಚ್ಚು ಒಡವೆಯಿತ್ತು, ರೂಪವಿತ್ತು ಎಂದೇನಲ್ಲ. ಅವಳಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು, ನನಗೆ ಕಾಣುತ್ತಿರಲಿಲ್ಲ. ಅಷ್ಟೇ.

ಗುಮ್ಮಳಾಪುರದ ಪಕ್ಕದ ನಮ್ಮ ಊರಿನಲ್ಲಿ ಕೆರೆ ಏರಿಯ ಮೇಲೆ ನಿಂತು, ಆಚೆ ದಡದಲ್ಲಿ ಬರುವವರು ಯಾರು, ಕೈಯಲ್ಲಿ ಏನು ಹಿಡಿದಿದ್ದಾರೆ, ಮುಖ ಸಿಂಡರಿಸಿಕೊಂಡಿದ್ದಾರೋ ಇಲ್ಲವೋ ಎಂಬುದನ್ನೂ ಅವಳು ಹೇಳುತ್ತಿದ್ದಳು. ನನಗೆ ಅಲ್ಲಿ ಅರಿಶಿನ ಕದಡಿದ ಹಾಗೆ ಏನೋ ಒಂದು ಅಲುಗಾಡುತ್ತಿತ್ತು. ಅದು ಸೀರೆ ಎಂದು ಹತ್ತಿರ ಬಂದ ಮೇಲೆ ತಿಳಿಯುತ್ತಿತ್ತು. ಒಂಬತ್ತನೇ ವಯಸ್ಸಿಗೆ ನನಗೆ ಕನ್ನಡಕ ಬಂತು. ಊರಿನಲ್ಲಿ ಆಗ ಕನ್ನಡಕ ಹಾಕಿದ ಮಗು ನಾನೊಬ್ಬಳೇ. ವರ್ಷ ವರ್ಷ ಗಾಜು ದಪ್ಪವಾಗುತ್ತಾ ಹೋಯಿತು. ನನ್ನ ಮದುವೆಯ ಫೋಟೋದಲ್ಲಿ ಕನ್ನಡಕ ತೆಗೆಸಿ ನಿಲ್ಲಿಸಿದ್ದರಿಂದ ನಾನು ಎತ್ತಲೋ ನೋಡುತ್ತಿದ್ದೇನೆ, ಪಕ್ಕದಲ್ಲಿ ನಿಂತ ಅಕ್ಕ ನೇರವಾಗಿ ಕ್ಯಾಮೆರಾವನ್ನೇ ನೋಡುತ್ತಿದ್ದಾಳೆ.

ಅವಳು ಡೆಂಕಣಿಕೋಟೆಯ ಕಡೆ, ಕಾಡಿನ ಅಂಚಿನ ಊರಿಗೆ ಸೊಸೆಯಾಗಿ ಹೋದಳು. ರಾಗಿ, ಹುರುಳಿಕಾಯಿ, ಟೊಮೆಟೊ ಬೆಳೆಯುವ ಮನೆ. ಸಂಜೆ ಹಿತ್ತಿಲಲ್ಲಿ ನಿಂತು ಕಾಡಿನ ಕಡೆ ನೋಡಿ, ಮೂರು ದೊಡ್ಡವು, ಒಂದು ಮರಿ, ಇವತ್ತು ಈ ಕಡೆ ತಿರುಗಿವೆ ಎಂದು ಆನೆಗಳ ಲೆಕ್ಕ ಹೇಳುತ್ತಿದ್ದಳು. ಅಕ್ಕಪಕ್ಕದ ಹೊಲದ ಗಂಡಸರೂ ಬಂದು ಅವಳನ್ನು ಕೇಳಿಕೊಂಡು ಹೋಗುತ್ತಿದ್ದರು. ರಜೆಗೆ ಹೋದಾಗ ನಾನೂ ಅವಳ ಪಕ್ಕ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದೆ. ಮರಗಳ ಕಪ್ಪು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ಹೂಂ, ಕಾಣ್ತು" ಎಂದು ಸುಳ್ಳು ಹೇಳುತ್ತಿದ್ದೆ.

ನನ್ನ ಪಾಲಿಗೆ ಓದು ಬಂದಿತ್ತು. ಅದೊಂದರಲ್ಲಿ ನಾನು ಅವಳಿಗಿಂತ ಮೇಲು ಎಂದು ಸಮಾಧಾನ ಮಾಡಿಕೊಂಡಿದ್ದೆ. ಹೊಸೂರಿನ ಸರ್ಕಾರಿ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಟೀಚರ್ ಆದೆ. ಎಲ್ಲ ಪಾಠಗಳಿಗಿಂತ ಕಣ್ಣಿನ ಪಾಠವನ್ನು ಚೆನ್ನಾಗಿ ಮಾಡುತ್ತೇನೆ ಎಂದು ಹೆಸರಿತ್ತು. ಮಟನ್ ಅಂಗಡಿಯಿಂದ ಆಡಿನ ಕಣ್ಣು ತರಿಸಿ ಮಕ್ಕಳ ಮುಂದೆ ಬ್ಲೇಡಿನಲ್ಲಿ ಬಿಡಿಸುತ್ತಿದ್ದೆ. ಹಿಂಬದಿಯನ್ನು ಕೊಯ್ದರೆ ಒಳಗಿನ ತಿಳಿಲೋಳೆ ಮೆಲ್ಲಗೆ ಜಾರಿ ಪೇಪರಿನ ಮೇಲೆ ಬೀಳುತ್ತದೆ. ತಾಳೆಕಾಯಿಯೊಳಗಿನ ಎಳೆಯ ತಾಟಿನುಂಗಿನ ತಿರುಳಿನಂತೆ ಗಟ್ಟಿಯೂ ಅಲ್ಲ, ನೀರೂ ಅಲ್ಲ. ಅದರ ಕೆಳಗಿನ ಅಚ್ಚಿನ ಅಕ್ಷರಗಳು ಹಾಗೆಯೇ ಕಾಣುತ್ತವೆ. ಕಣ್ಣುಗುಡ್ಡೆಯಲ್ಲಿ ಹೆಚ್ಚಿನ ಪಾಲು ಇದೇ ಇರುವುದು, ಗುಡ್ಡೆ ಗುಂಡಗಿರುವುದೂ ಇದರಿಂದಲೇ, ಬೆಳಕು ಇದನ್ನು ದಾಟಿಯೇ ಹಿಂದಿನ ಅಕ್ಷಿಪಟಲವನ್ನು ಮುಟ್ಟಬೇಕು, ಇದು ಎಷ್ಟು ತಿಳಿಯಾಗಿದೆಯೆಂದರೆ ಇದು ಇರುವುದೇ ನಮಗೆ ಗೊತ್ತಾಗುವುದಿಲ್ಲ ಎಂದು ಹೇಳುತ್ತಿದ್ದೆ. ಮಕ್ಕಳು ಮೂಗು ಮುಚ್ಚಿಕೊಂಡು ನೋಡುತ್ತಿದ್ದರು.

ಮೂರು ವರ್ಷದ ಹಿಂದೆ ಅಕ್ಕ ಫೋನಿನಲ್ಲಿ, ಕಣ್ಣೊಳಗೆ ಸೊಳ್ಳೆ ಹಾರಿದ ಹಾಗೆ ಆಗುತ್ತದೆ, ಮಬ್ಬುಗತ್ತಲಲ್ಲಿ ಮೂಲೆಯಲ್ಲಿ ಮಿಂಚು ಮಿಂಚಿದ ಹಾಗೆ ಆಗುತ್ತದೆ ಎಂದಳು. ನನಗೆ ಗಾಬರಿಯಾಯಿತು, ಜೊತೆಗೆ ಒಂದು ಬಗೆಯ ಸಂತೋಷವೂ ಆಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಹೌದು. ಅವಳ ಕಣ್ಣಿಗೂ ಏನೋ ಬಂತಲ್ಲ ಎಂಬ ಸಂತೋಷ. ನಾನು ಟೀಚರ್ ದನಿಯಲ್ಲಿ ಅರ್ಧ ಗಂಟೆ ಪಾಠ ಹೇಳಿದೆ. ವಯಸ್ಸಾದ ಮೇಲೆ ಒಳಗಿನ ಲೋಳೆ ಕರಗಿ ಕುಗ್ಗಿ ಅಕ್ಷಿಪಟಲದಿಂದ ಬಿಟ್ಟುಕೊಳ್ಳುತ್ತದೆ, ಬಿಡುವಾಗ ಎಳೆದರೆ ಮಿಂಚು ಕಾಣುತ್ತದೆ, ಅದು ಎಲ್ಲಾದರೂ ಅಂಟಿಕೊಂಡಿದ್ದರೆ ಪಟಲವೇ ಹರಿಯಬಹುದು, ನಾಳೆಯೇ ಆಸ್ಪತ್ರೆಗೆ ಹೋಗು ಎಂದೆ. ಅವಳು ಹೂಂ ಎಂದಳು. ಹೋಗಲಿಲ್ಲ. ತಿಂಗಳಾದ ಮೇಲೆ ನಾನೇ ಫೋನ್ ಮಾಡಿ ಕೇಳಿದರೆ, ಮಿಂಚು ನಿಂತುಹೋಯಿತು, ಸೊಳ್ಳೆಯೊಂದು ಆಗಾಗ ಬರುತ್ತದೆ, ಇರಲಿ ಬಿಡು ಎಂದಳು. ಏನೂ ಮಾಡದೆ ವಾಸಿಯಾಗಿತ್ತು.

ಮರುವರ್ಷ ಅವರೆಕಾಯಿ ಕಾಲದಲ್ಲಿ ನನಗೂ ಅದೇ ಬಂತು. ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಾಗ ಬಲಗಣ್ಣಿನಲ್ಲಿ ಕಪ್ಪು ನೂಲೊಂದು ತೇಲಿತು. ಪುಟದ ಮೇಲೆ ಕೂದಲು ಬಿದ್ದಿದೆ ಎಂದು ಊದಿದೆ. ಹೋಗಲಿಲ್ಲ. ಕಣ್ಣು ಹೊರಳಿಸಿದ ಕಡೆಗೆಲ್ಲ ಬಂತು. ಸಂಜೆ ಅಡುಗೆಮನೆಯ ಲೈಟು ಹಾಕುವ ಮೊದಲು ಕಣ್ಣಿನ ಅಂಚಿನಲ್ಲಿ ಬೆಳ್ಳನೆಯ ಗೆರೆ ಮಿಂಚಿತು. ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿರಲಿಲ್ಲ. ದಪ್ಪ ಕನ್ನಡಕದವರಿಗೆ ಅಪಾಯ ಹೆಚ್ಚು ಎಂಬುದೂ ಗೊತ್ತಿತ್ತು. ಆದರೂ ನಾನು ಹನ್ನೊಂದು ದಿನ ಸುಮ್ಮನಿದ್ದೆ. ಶಾಲೆಯಲ್ಲಿ ಪರೀಕ್ಷೆ ಇತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಜ ಅದಲ್ಲ. ಅಕ್ಕ ಏನೂ ಮಾಡದೆ ಗೆದ್ದಿದ್ದಳು. ಅವಳಿಗೆ ಆಗದ್ದು ನನಗೇಕೆ ಆಗಬೇಕು, ನಾನೂ ಏನೂ ಮಾಡದೆ ಗೆಲ್ಲುತ್ತೇನೆ ಎಂಬ ಹಟವಿತ್ತು.

ಹನ್ನೆರಡನೆಯ ದಿನ ಹತ್ತನೇ ತರಗತಿಯಲ್ಲಿ ಬೋರ್ಡಿನಿಂದ ತಿರುಗಿದಾಗ, ಮುಂದಿನ ಬೆಂಚಿನ ಮಕ್ಕಳ ಮೇಲೆ ನೆರಳು ಬಿದ್ದಂತಾಯಿತು. ಬಲಗಣ್ಣಿನ ಕೆಳಗಿನಿಂದ ಯಾರೋ ಕಂಬಳಿ ಎತ್ತಿ ಹಿಡಿದ ಹಾಗಿತ್ತು. ಎಡಗಣ್ಣು ಮುಚ್ಚಿ ನೋಡಿದೆ. ಹಿಂದಿನ ಬೆಂಚಿನವರ ತಲೆಗಳು ಮಾತ್ರ ಇದ್ದವು. ಚಾಕ್‌ಪೀಸು ಕೆಳಗಿಟ್ಟು, ಓದಿಕೊಳ್ಳಿ ಎಂದು ಹೇಳಿ ಹೊರಗೆ ಬಂದೆ.

ಯಜಮಾನರು ಕೃಷ್ಣಗಿರಿಯ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದರು. ಫೋನ್ ಮಾಡಿದಾಗ ಅಲ್ಲಿಗೇ ಬಾ ಎಂದರು. ಅಲ್ಲಿನ ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬೇಕು. ತಮಿಳಿನವರು, ನಮಗಾಗಿ ಕನ್ನಡದಲ್ಲೇ ಮಾತಾಡಿದರು. ದೂರದ್ದು ಕಾಣದವರ ಕಣ್ಣುಗುಡ್ಡೆ ಉದ್ದವಿರುತ್ತದೆ, ಪಟಲ ಎಳೆದು ತೆಳುವಾಗಿರುತ್ತದೆ, ಒಳಗಿನ ಜೆಲ್ ಬೇಗ ಕರಗುತ್ತದೆ. ನಿಮಗೆ ಅದು ಬಿಟ್ಟುಕೊಳ್ಳುವಾಗ ಒಂದು ಕಡೆ ಅಂಟಿಕೊಂಡೇ ಇತ್ತು, ಎಳೆದು ಹರಿದಿದೆ, ತೂತಿನೊಳಗೆ ನೀರು ನುಗ್ಗಿ ಪಟಲ ಎದ್ದುಬಿಟ್ಟಿದೆ ಎಂದರು. ಮಿಂಚು ಕಂಡ ದಿನವೇ ಬಂದಿದ್ದರೆ ಬಹುಶಃ ಲೇಸರಿನಲ್ಲೇ ಮುಗಿಯುತ್ತಿತ್ತು ಎಂಬುದನ್ನು ನಾನು ಕೇಳಿದ ಮೇಲೆ ಹೇಳಿದರು, ತಾವಾಗಿ ಹೇಳಲಿಲ್ಲ.

ನಾನು ಅವರಿಗೆ ಅಕ್ಕನ ವಿಷಯ ಹೇಳಿದೆ. ಒಂದೇ ತಾಯಿಯ ಮಕ್ಕಳು, ಒಂದೇ ತರಹದ ಮಿಂಚು, ಅವಳಿಗೆ ಏನೂ ಆಗಲಿಲ್ಲವಲ್ಲ ಎಂದೆ.

"ತುಂಬಾ ಜನಕ್ಕೆ ಹಾಗೇ ಕ್ಲೀನಾಗಿ ಬಿಟ್ಕೊಳುತ್ತೆ, ಅಮ್ಮ" ಎಂದರು. "ಅವ್ರದು ಬಿಟ್ಕೊಂತು, ನಿಮ್ದು ಬಿಟ್ಕೊಳ್ಳಿಲ್ಲ. ಯಾರ ತಪ್ಪೂ ಇಲ್ಲ."

ತಪ್ಪಿದ್ದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

ಆಪರೇಷನ್ನಿನಲ್ಲಿ ಒಳಗಿನ ಲೋಳೆಯನ್ನೆಲ್ಲ ತೆಗೆದು, ಹರಿದ ಕಡೆ ಲೇಸರ್ ಹೊಡೆದು, ಖಾಲಿಯಾದ ಜಾಗಕ್ಕೆ ಗ್ಯಾಸ್ ತುಂಬಿದರು. ಗ್ಯಾಸಿನ ಗುಳ್ಳೆ ಮೇಲಕ್ಕೇ ಏರುವುದರಿಂದ, ಅದು ಕಣ್ಣಿನ ಹಿಂಗೋಡೆಗೆ ಒತ್ತಿಕೊಂಡು ಪಟಲವನ್ನು ಅಂಟಿಸಬೇಕಾದರೆ ನಾನು ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಹತ್ತು ದಿನ. ಊಟ, ನಿದ್ದೆ, ಮಾತು ಎಲ್ಲ ನೆಲ ನೋಡಿಕೊಂಡೇ. ತೆಗೆದ ಲೋಳೆ ಮತ್ತೆ ಹುಟ್ಟುವುದಿಲ್ಲ, ಗ್ಯಾಸ್ ಕರಗಿದ ಮೇಲೆ ಕಣ್ಣೇ ತನ್ನ ನೀರು ತುಂಬಿಕೊಳ್ಳುತ್ತದೆ ಎಂದರು. ಎಷ್ಟೋ ಆಡಿನ ಕಣ್ಣುಗಳಿಂದ ಜಾರಿಸಿದ್ದು ನನ್ನ ಕಣ್ಣಿನಿಂದಲೂ ಹೋಯಿತು.

ಮಗಳು ಹೊಸೂರಿನ ಫ್ಯಾಕ್ಟರಿಯಲ್ಲಿ ಮಾಲಿನ ಗುಣಮಟ್ಟ ನೋಡುವ ವಿಭಾಗದಲ್ಲಿದ್ದಳು, ಶಿಫ್ಟಿನ ಕೆಲಸ. ನನ್ನನ್ನು ನೋಡಿಕೊಳ್ಳಲು ಯಾರು ಎಂಬ ಪ್ರಶ್ನೆ ಬಂದಾಗ ಯಜಮಾನರು ನನ್ನನ್ನು ಕೇಳದೆ ಅಕ್ಕನಿಗೆ ಫೋನ್ ಮಾಡಿದರು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಅವಳು ಬಂದಳು. ನಾನು ಕುರ್ಚಿಯ ಮುಂದೆ ಸ್ಟೂಲಿಟ್ಟು ಅದರ ಮೇಲಿನ ದಿಂಬಿಗೆ ಹಣೆಯೊತ್ತಿ ಕೂತಿದ್ದೆ. ಸ್ಟೂಲಿನ ಪಕ್ಕದಲ್ಲಿ ಅವಳ ಪಾದ ಕಂಡವು. ಮಣ್ಣಿನ ಬಣ್ಣ, ಹಿಮ್ಮಡಿ ಬಿರಿದಿದ್ದವು. ಒಂದು ಚೀಲ ನೆಲಕ್ಕೆ ಇಳಿಯಿತು, ಅವರೆಕಾಯಿಯ ಸೊಗಡು ಹರಡಿತು. ಏನಾಯಿತು ಹೇಗಾಯಿತು ಎಂದು ಅವಳು ಕೇಳಲಿಲ್ಲ. ನನ್ನ ಬೆನ್ನಿನ ಮೇಲೆ ಕೈಯಿಟ್ಟು, ಕಾಫಿ ಕುಡಿದೆಯಾ ಎಂದಳು.

ಎರಡೇ ದಿನದಲ್ಲಿ ನನ್ನ ಮನೆ ಅವಳದಾಯಿತು. ಗಂಟೆಗಂಟೆಗೆ ಕಣ್ಣಿಗೆ ಡ್ರಾಪ್ಸ್ ಹಾಕುವಳು, ಹಾಲಿಗೆ ಸ್ಟ್ರಾ ಇಟ್ಟು ಬಾಯಿಗೆ ಹಿಡಿಯುವಳು, ಮುದ್ದೆಯನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ ತಟ್ಟೆಯನ್ನು ನನ್ನ ಮಡಿಲಲ್ಲಿಡುವಳು. ಅದರಲ್ಲಿ ಏನೂ ಕೊರತೆಯಿರಲಿಲ್ಲ. ಕೊರತೆ ಹುಡುಕಿ ಹುಡುಕಿ ನನಗೆ ಸಾಕಾಯಿತು. ಯಜಮಾನರು ಸಾರು ಎರಡನೆಯ ಸಲ ಬಡಿಸಿಕೊಳ್ಳುವ ಸದ್ದು ಕೇಳುತ್ತಿತ್ತು. ಇಪ್ಪತ್ತೇಳು ವರ್ಷದಲ್ಲಿ ನನ್ನ ಸಾರಿಗೆ ಅವರು ಒಳ್ಳೆಯದೆಂದೂ ಹೇಳಿದವರಲ್ಲ, ಕೆಟ್ಟದೆಂದೂ ಹೇಳಿದವರಲ್ಲ. ಎಣ್ಣೆ ಎಂದರೆ ಮೈಲು ದೂರ ಓಡುವ ಮಗಳು ದೊಡ್ಡಮ್ಮನ ಮುಂದೆ ಕೂತು ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡಳು. ಫ್ಯಾಕ್ಟರಿಯಲ್ಲಿ ಯಾರೋ ಒಬ್ಬ ಹುಡುಗ ತನಗೆ ಇಷ್ಟವಾಗಿದ್ದಾನೆ ಎಂಬುದನ್ನು ಅಡುಗೆಮನೆಯಲ್ಲಿ ಅವಳಿಗೆ ಹೇಳುತ್ತಿದ್ದಳು. ನನಗೆ ಮುಖ ಎತ್ತಲಾಗುತ್ತಿರಲಿಲ್ಲವೇ ಹೊರತು ಕಿವಿ ಕೇಳುತ್ತಿತ್ತು. ನನಗೆ ಹೇಳದ್ದನ್ನು ನನ್ನ ಮಗಳು ಅವಳಿಗೆ ಹೇಳಿದಳು. ಆಮೇಲೆ ಇಬ್ಬರೂ ನಕ್ಕರು. ನಾನು ನೆಲದ ಟೈಲ್ಸಿನ ಬಿರುಕನ್ನು ನೋಡುತ್ತಾ ಹಲ್ಲು ಕಚ್ಚಿಕೊಂಡೆ.

ಐದನೆಯ ದಿನ ಕೆಲಸಕ್ಕೆ ಹೊರಟ ಮಗಳು ಬಾಗಿಲಲ್ಲಿ ನಿಂತು, ದೊಡ್ಡಮ್ಮ, ನೀವು ಇಲ್ಲೇ ಇದ್ದುಬಿಡಿ ಎಂದಳು. ಅವಳು ಹೋದ ಮೇಲೆ ನಾನು ಅಕ್ಕನಿಗೆ, ನಾಳೆ ನೀನು ಊರಿಗೆ ಹೊರಡು, ಅಲ್ಲಿ ರಾಗಿ ಕೊಯ್ಲಿದೆ, ಇಲ್ಲಿ ನಾನು ಹೇಗೋ ನೋಡಿಕೊಳ್ಳುತ್ತೇನೆ ಎಂದೆ.

"ಏನ್ ನೋಡ್ಕಂತೀಯಾ?" ಎಂದಳು. "ನೆಲಾನಾ?"

ಆಗ ನನ್ನ ಬಾಯಿಂದ ಬಂದುಬಿಟ್ಟಿತು. ನಿನ್ನ ಕಣ್ಣು ನನಗೆ ಬಂದಿದ್ದರೆ ಎಲ್ಲಾನೂ ನೋಡಿಕೊಳ್ಳುತ್ತಿದ್ದೆ, ಹುಟ್ಟಿದಾಗಿನಿಂದ ಒಳ್ಳೆಯದೆಲ್ಲ ನಿನಗೇ, ಕಣ್ಣೊಳಗಿನ ಲೋಳೆ ಕೂಡ ನಿನಗೆ ಸಲೀಸಾಗಿ ಬಿಟ್ಟುಕೊಂಡಿತು, ನನಗೆ ಹರಿಯಿತು ಎಂದೆ. ಹೇಳುತ್ತಾ ಅಳು ಬಂತು. ಅಳಬಾರದು ಎಂದು ಡಾಕ್ಟರಮ್ಮ ಹೇಳಿರಲಿಲ್ಲ, ಆದರೂ ಹೆದರಿ ನಿಲ್ಲಿಸಿಕೊಂಡೆ.

ಅಕ್ಕ ಎದ್ದು ಬಂದಳು. ನನ್ನನ್ನು ಹಿಡಿದು ಮಂಚಕ್ಕೆ ಕರೆದೊಯ್ದು ಬೋರಲು ಮಲಗಿಸಿದಳು, ಮುಖ ಮಂಚದ ಅಂಚಿನಿಂದ ಆಚೆ ಬರುವ ಹಾಗೆ. ಆಮೇಲೆ ಕೆಳಗೆ ಚಾಪೆ ಹಾಸಿ ತಾನು ಅಂಗಾತ ಮಲಗಿದಳು. ನನ್ನ ಮುಖದ ನೇರಕ್ಕೆ ಕೆಳಗೆ ಅವಳ ಮುಖ. ಐದು ದಿನದಲ್ಲಿ ನಾನು ನೋಡಿದ ಮೊದಲ ಮುಖ ಅದು.

"ನೀನ್ ಸ್ಕೂಲಿಗೋಗಿದ್ದು ಯಾಕೆ ಅಂತ ಗೊತ್ತಾ ನಿಂಗೆ?" ಎಂದಳು.

ಚೆನ್ನಾಗಿ ಓದುತ್ತಿದ್ದೆ ಎಂದು ಕಳಿಸಿದರು ಎಂದೆ. ಅದು ನನಗೆ ಅನುಮಾನವೇ ಇಲ್ಲದ ಸಂಗತಿಯಾಗಿತ್ತು.

"ಇಲ್ಲ ಕಣಮ್ಮಿ. ನಿಂಗೆ ಏಳು ವರ್ಸ. ಕಳೆ ಕೀಳಕ್ಕೆ ಕೂರ್ಸಿದ್ರೆ ಕಳೆ ಬುಟ್ಟು ರಾಗಿ ಪೈರೆಲ್ಲ ಕಿತ್ತಾಕ್ಬುಟ್ಟೆ. ಒಂದು ಸಾಲು ಪೂರ್ತಿ. ಅಪ್ಪ ನೋಡ್ಬುಟ್ಟು, ಇವ್ಳು ಹೊಲಕ್ಕೆ ಬರೋಳಲ್ಲ, ಓದ್ಲಿ, ದೊಡ್ಡೋಳಿಗೆ ಕಣ್ಣು ಚೆಂದಾಗದೆ, ಅವ್ಳು ಹೊಲ ನೋಡ್ಲಿ ಅಂದ್ರು. ನಾನು ನಾಕನೇ ಕ್ಲಾಸು ಮುಗ್ಸಿದ್ದೆ. ಮಾರ್ನೇ ದಿನದಿಂದ ಹೋಗ್ಲಿಲ್ಲ."

ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದರೆ ನನಗೆ ಮೊದಲು ಬಂದದ್ದು ಸಿಟ್ಟು. ಅವಳಿಗಿಂತ ನಾನು ಮೇಲು ಎಂದುಕೊಂಡಿದ್ದುದು ಒಂದೇ ಒಂದು, ನನ್ನ ಬುದ್ಧಿ. ಅದನ್ನೂ ಅವಳು ಅಂಗಾತ ಮಲಗಿಕೊಂಡು ಆರಾಮಾಗಿ ಕಿತ್ತುಕೊಂಡಳು. ಬುದ್ಧಿಯಿದ್ದವಳೆಂದು ಅಲ್ಲ, ಕೆಲಸಕ್ಕೆ ಬಾರದವಳೆಂದು ನನ್ನನ್ನು ಶಾಲೆಗೆ ಕಳಿಸಿದ್ದರು. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಕೇಳಲಿಲ್ಲ ಎಂದಳು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕೆನ್ನಿಸಿತು. ನನ್ನ ಮೇಲೆ ನಿನಗೆ ಕೋಪವಿರಲಿಲ್ಲವೇ ಎಂದೆ.

"ಕೋಪ ಮಾಡ್ಕಂಡು ಏನ್ ಮಾಡನ? ಒಂದ್ಸಲ ನಿನ್ ಕನ್ನಡ್ಕ ತಕಂಡು ಬಾವಿಗೆ ಹಾಕ್ಬುಡನ ಅಂತ ಹೋಗಿದ್ದೆ. ಕಟ್ಟೆ ಗಂಟ ಹೋದೆ. ನೀನು ಕಣ್ಣು ಕಾಣ್ದೆ ಎಲ್ಲಾನ ಮುಗ್ಗರಿಸ್ ಬಿದ್ರೆ ನಾನೇ ಎತ್ಕಂಡು ಬರ್ಬೇಕಲ್ಲ ಅಂತ ವಾಪಸ್ ಬಂದೆ."

ಅವಳು ನನ್ನನ್ನೇ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಆದರೆ ಅವಳ ನೋಟ ನನ್ನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಏನು ಹುಡುಕುತ್ತಿದ್ದೀಯೆ ಎಂದಾಗ, ಇಷ್ಟು ಹತ್ತಿರ ತನಗೇನೂ ಕಾಣುವುದಿಲ್ಲ, ನಿನ್ನ ಮುಖ ಬರೀ ಮಂಜು ಎಂದಳು. ಅಕ್ಕಿಯಲ್ಲಿ ಕಲ್ಲು ಆರಿಸುವುದು ಬಿಟ್ಟು ಎಷ್ಟೋ ವರ್ಷವಾಯಿತು, ಸೊಸೆಯೇ ಆರಿಸುತ್ತಾಳೆ ಎಂದಳು. ನನ್ನ ಎಡಗಣ್ಣಿಗೆ ಆಪರೇಷನ್ ಆಗಿರಲಿಲ್ಲ, ಕನ್ನಡಕವಿಲ್ಲದೆ ಒಂದು ಗೇಣು ದೂರದ್ದು ಅದಕ್ಕೆ ಚೆನ್ನಾಗಿ ಕಾಣುತ್ತದೆ. ಅವಳ ರೆಪ್ಪೆಯ ಕೂದಲು ಒಂದೊಂದೂ ಕಂಡಿತು. ಕಪ್ಪುಗುಡ್ಡೆಯ ಸುತ್ತ ವಯಸ್ಸಿನ ಬೂದು ಬಳೆಯೂ, ಹುಬ್ಬಿನ ಪಕ್ಕದ ಹಳೆಯ ಗಾಯದ ಗುರುತೂ ಕಂಡಿತು. ಅವಳಿಗೆ ಕಾಣದ್ದು ನನಗೆ ಕಾಣುತ್ತಿದೆ ಎಂದು ಒಳಗೊಳಗೇ ಖುಷಿಯಾಯಿತು. ಕೆಟ್ಟ ಖುಷಿಯೇ. ಅದನ್ನು ಅನುಭವಿಸುತ್ತಾ ಅವಳನ್ನು ತುಂಬಾ ಹೊತ್ತು ನೋಡಿದೆ. ನಾನು ನೋಡುತ್ತಿದ್ದಂತೆಯೇ ಅವಳು ನಿದ್ದೆಹೋದಳು. ಬೆಳಗಿನ ಐದಕ್ಕೆ ಎದ್ದವಳು. ನಾನು ಅವಳನ್ನು ಎಬ್ಬಿಸಲಿಲ್ಲ. ಆ ಹೊತ್ತಿನ ಡ್ರಾಪ್ಸ್ ಅರ್ಧ ಗಂಟೆ ತಡವಾಯಿತು.

ಊರಿಗೆ ಹೊರಡು ಎಂಬ ಮಾತು ನಾನು ಮತ್ತೆ ಎತ್ತಲಿಲ್ಲ. ಅವಳೂ ಹತ್ತು ದಿನ ಮುಗಿಸಿಯೇ ಹೊರಟಳು.

ತಲೆ ಎತ್ತಿದ ಮೇಲೆ ಬಲಗಣ್ಣಿನಲ್ಲಿ ಮೊದಲು ಬರೀ ಬೆಳಕಿನ ಅಲುಗಾಟವಿತ್ತು. ದಿನ ಕಳೆದಂತೆ ನೋಟದ ಮೇಲ್ಭಾಗ ತಿಳಿಯಾಯಿತು, ಕೆಳಗೆ ಗ್ಯಾಸಿನ ಗುಳ್ಳೆ, ನಡುವೆ ಬಾಟಲಿಯೊಳಗಿನ ನೀರಿನ ಮಟ್ಟದಂಥ ಗೆರೆ. ನಡೆದರೆ ಗೆರೆ ತುಳುಕುತ್ತಿತ್ತು. ಗುಳ್ಳೆ ನಿಜವಾಗಿ ಮೇಲಿರುತ್ತದೆ, ಪಟಲದ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಅದು ಕೆಳಗಿದ್ದಂತೆ ಕಾಣುತ್ತದೆ. ಇದನ್ನು ನಾನು ಮಕ್ಕಳಿಗೆ ಮೇಣದಬತ್ತಿಯ ಚಿತ್ರ ಬರೆದು ಹೇಳುತ್ತಿದ್ದೆ. ನನ್ನ ಕಣ್ಣೊಳಗೇ ಕಂಡಾಗ ಶಾಲೆಗೆ ಓಡಿಹೋಗಿ ಹೇಳಬೇಕೆನ್ನಿಸಿತು.

ಒಂದೂವರೆ ತಿಂಗಳ ತಪಾಸಣೆಗೆ ಹೋಗುವಾಗ ಅಕ್ಕನನ್ನೂ ಕೃಷ್ಣಗಿರಿಗೆ ಕರೆಸಿಕೊಂಡೆ. ಹತ್ತಿರದ್ದು ಕಾಣದ್ದಕ್ಕೆ ಕನ್ನಡಕ ಮಾಡಿಸೋಣ, ಹಾಗೇ ಒಳಗೂ ನೋಡಿಸೋಣ ಎಂದೆ. ಅವಳ ಬದುಕಿನಲ್ಲಿ ಅದು ಮೊದಲ ಕಣ್ಣಿನ ಪರೀಕ್ಷೆ. ಗೋಡೆಯ ಮೇಲೆ ಅಕ್ಷರದ ಪಟ್ಟಿಗೆ ಲೈಟು ಹಾಕಿ, ಅಲ್ಲಿದ್ದ ಹುಡುಗಿ ಕೆಳಗಿನ ಸಾಲನ್ನು ಓದಿ ಎಂದು ತಮಿಳಿನಲ್ಲಿ ಹೇಳಿದಳು. ಅಕ್ಕ ಸುಮ್ಮನೆ ಕೂತಳು. ಹುಡುಗಿ ಅದರ ಮೇಲಿನ ಸಾಲು ತೋರಿಸಿದಳು, ಆಮೇಲೆ ಅದರ ಮೇಲಿನದು. ಅಕ್ಕನ ಕಿವಿ ಕೆಂಪಾಯಿತು. ಏನೂ ಕಾಣುವುದಿಲ್ಲವೇ ಎಂದು ಹುಡುಗಿ ಕೇಳಿದಳು.

"ಎಲ್ಲಾ ಕಾಣ್ತದೆ" ಎಂದಳು ಅಕ್ಕ ಕನ್ನಡದಲ್ಲಿ, ನನ್ನ ಕಡೆ ತಿರುಗಿ. "ಕೊನೇ ಸಾಲ್ನಾಗೆ ಮೊದಲ್ನೇದು ಒಂದು ಕೋಲು, ಅದಕ್ಕೆ ಅಡ್ಡ ಒಂದು ಕೋಲು, ಪಕ್ಕದಾಗೆ ಇನ್ನೊಂದು ನಿಂತದೆ. ಅದರ ಹೆಸ್ರು ಗೊತ್ತಿಲ್ಲ."

ಪಟ್ಟಿ ತಮಿಳಿನದು. ಅವಳು ಕಲಿತಿದ್ದ ನಾಲ್ಕು ಕ್ಲಾಸಿನ ಕನ್ನಡವೇ ಮಾಸಿಹೋಗಿತ್ತು. ಬೆಂಚಿನ ಮೇಲೆ ಕೂತ ನನಗೆ, ಕನ್ನಡಕ ಹಾಕಿಕೊಂಡೂ, ಬಲಗಣ್ಣಿನಲ್ಲಿ ಮೇಲಿನ ದೊಡ್ಡ ಅಕ್ಷರ ಮಾತ್ರ ಕಾಣುತ್ತಿತ್ತು. ಆದರೆ ಅಕ್ಷರಗಳ ಹೆಸರೆಲ್ಲ ಗೊತ್ತು. ಹುಡುಗಿ ಬೇರೆ ಪಟ್ಟಿ ಹಾಕಲು ಎದ್ದಳು, ಓದು ಬಾರದವರಿಗೆ ದಿಕ್ಕು ತೋರಿಸುವ ಪಟ್ಟಿ ಇರುತ್ತದಂತೆ. ನಾನು ಬೇಡ ಎಂದೆ. ಅಕ್ಕ ಆಕಾರ ಹೇಳಿದಳು, ನಾನು ಹೆಸರು ಹೇಳಿದೆ. ಹಾಗೆ ಕೊನೆಯ ಸಾಲು ಪೂರ್ತಿ ಓದಿದೆವು. ಹುಡುಗಿ ನಗುತ್ತಾ ಬರೆದುಕೊಂಡಳು.

ಡಾಕ್ಟರಮ್ಮ ಅವಳ ಕಣ್ಣಿನೊಳಗೆ ನೋಡಿ, ಲೋಳೆ ಕ್ಲೀನಾಗಿ ಬಿಟ್ಟುಕೊಂಡಿದೆ, ಹರಿದಿಲ್ಲ, ಚೆನ್ನಾಗಿದೆ ಎಂದರು. ನನಗೆ ನೆಮ್ಮದಿಯಾಯಿತು. ನೆಮ್ಮದಿಯ ಕೆಳಗೆ ಹಳೆಯ ಉರಿಯೂ ಸ್ವಲ್ಪ ಎದ್ದಿತು. ಅದನ್ನು ತಡೆಯಲು ನಾನು ಹೋಗಲಿಲ್ಲ, ಅದು ತಾನಾಗಿ ಕೂತಿತು.

ಈಗ ಬಲಗಣ್ಣಿನಲ್ಲಿ ಬಾಗಿಲ ಚೌಕಟ್ಟು ನಡುವೆ ಕೊಂಚ ಬಾಗಿದಂತೆ ಕಾಣುತ್ತದೆ. ಆದರೆ ಕಾಣುತ್ತದೆ. ಲೋಳೆ ತೆಗೆದ ಕಣ್ಣಿಗೆ ಪೊರೆ ಬೇಗ ಬರುತ್ತದೆ ಎಂದು ಮೊದಲೇ ಹೇಳಿದ್ದರು, ಬಂದಿದೆ. ಮುಂದಿನ ವಾರ ಅದರ ಆಪರೇಷನ್. ಚಿಕ್ಕದು, ಯಾರೂ ಬರಬೇಕಾಗಿಲ್ಲ, ಒಂದೇ ದಿನದಲ್ಲಿ ಮನೆಗೆ ಕಳಿಸುತ್ತಾರೆ. ಆದರೂ ಅಕ್ಕನಿಗೆ ಫೋನ್ ಮಾಡಿ ಬಾ ಎಂದೆ. ಟೊಮೆಟೊ ಕಟಾವು ಮುಗಿಸಿ ಬರುತ್ತೇನೆ ಎಂದಳು.

ದೊಡ್ಡಮ್ಮ ನನ್ನ ರೂಮಿನಲ್ಲಿ ಮಲಗಲಿ, ನಿಮಗೆ ನಿದ್ದೆ ಕೆಡುವುದು ಬೇಡ ಎಂದು ಮಗಳು ಆಗಲೇ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದಾಳೆ. ಆಗುವುದಿಲ್ಲ ಎಂದೆ. ಅವಳು ನನಗೆ ಅಕ್ಕ ಆಗಿದ್ದು ಮೊದಲು, ನಿನಗೆ ದೊಡ್ಡಮ್ಮ ಆಗಿದ್ದು ಆಮೇಲೆ, ಚಾಪೆ ನನ್ನ ಮಂಚದ ಪಕ್ಕ ಹಾಸು ಎಂದೆ. ಮಗಳು ನಗುತ್ತಾ ನನ್ನ ಮುಖ ನೋಡಿದಳು. ನಾನು ನಗಲಿಲ್ಲ.